ವೈಪರ್ ಬ್ಲೇಡ್ ಕೊಳ್ಳುವ ಮೊದಲು ಗಾಜನ್ನೂ ತೋಳನ್ನೂ ನೋಡಿ

ಪ್ರಶ್ನೆ: ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಇರುತ್ತೇನೆ. ಕೆಲಸದ ನಿಮಿತ್ತ ವಾರಕ್ಕೆರಡು ಸಲ ಅಣ್ಣಿಗೇರಿ ಮಾರ್ಗವಾಗಿ ಗದಗಕ್ಕೆ ಹೋಗಿ ರಾತ್ರಿ ಮರಳುತ್ತೇನೆ. ಮಳೆಗಾಲದಲ್ಲಿ ಒಮ್ಮೊಮ್ಮೆ ಯಲ್ಲಾಪುರದ ಬೀಗರ ಮನೆಗೂ ಹೋಗಬೇಕಾಗುತ್ತದೆ. ನನ್ನದು ಎಂಟು ವರ್ಷ ಹಳೆಯ ಸಣ್ಣ ಕಾರು. ಹೋದ ವರ್ಷ ಕಂಪನಿಯಿಂದ ಬಂದಿದ್ದ ಕಬ್ಬಿಣದ ಚೌಕಟ್ಟಿನ ವೈಪರ್ ತೆಗೆಸಿ, ಅಂಗಡಿಯವರ ಮಾತಿನಂತೆ ಚೌಕಟ್ಟಿಲ್ಲದ ಹೊಸ ಬಗೆಯದನ್ನು, ಅದೂ ಒಂದು ಇಂಚು ಹೆಚ್ಚು ಉದ್ದದ್ದನ್ನು ಹಾಕಿಸಿದೆ. ಈಗ ಅದು ಕೆಳಗೆ ಮರಳುವಾಗ ಗರಗರ ಸದ್ದು ಮಾಡುತ್ತ ಕುಣಿಯುತ್ತದೆ. ನನ್ನ ಕಣ್ಣಿನ ನೇರಕ್ಕೇ ಬಿಲ್ಲಿನ ಆಕಾರದ ಒಂದು ಪಟ್ಟಿ ಒರೆಸದೆ ಉಳಿಯುತ್ತದೆ. ರಾತ್ರಿ ಎದುರಿನ ಲಾರಿಯ ಬೆಳಕು ಗಾಜಿನ ತುಂಬ ಹರಡಿ ರಸ್ತೆಯ ಅಂಚೇ ಕಾಣುವುದಿಲ್ಲ. ಮಿಸ್ತ್ರಿಯವರು ಮೋಟರ್ ಬದಲಿಸಬೇಕು ಎನ್ನುತ್ತಾರೆ. ನಮ್ಮ ಮಾವನವರು ಸೀಮೆಎಣ್ಣೆ ಸವರಿದರೆ ಸಾಕು ಎನ್ನುತ್ತಾರೆ. ಬಿಸಿಲಿನಲ್ಲಿ ನಿಲ್ಲಿಸುವಾಗ ವೈಪರ್ ಎತ್ತಿಡಬೇಕೇ? ಯಾವ ಬ್ಲೇಡ್ ಕೊಳ್ಳಲಿ, ಅದನ್ನು ಮನೆಯಲ್ಲೇ ಹಾಕಿಕೊಳ್ಳಬಹುದೇ?

ಉತ್ತರ: ಕುಣಿತ, ಒರೆಸದ ಪಟ್ಟಿ, ರಾತ್ರಿಯ ಬೆಳಕಿನ ಚೆದುರುವಿಕೆ, ಈ ಮೂರನ್ನೂ ನೀವು ಒಂದೇ ದೋಷದ ಫಲವೆಂದು ಭಾವಿಸಿದಂತಿದೆ. ಹಾಗೆ ಭಾವಿಸಿ ಬ್ಲೇಡ್ ಮೇಲೆ ಬ್ಲೇಡ್ ಕೊಳ್ಳುವವರನ್ನು ಪ್ರತಿ ಮಳೆಗಾಲದಲ್ಲೂ ನಮ್ಮ ವರ್ಕ್‌ಶಾಪಿನಲ್ಲಿ ನೋಡುತ್ತೇನೆ. ಗಾಜು, ಅದರ ಮೇಲೆ ಬ್ಲೇಡನ್ನು ಒತ್ತಿ ಹಿಡಿಯುವ ತೋಳು, ನೀರನ್ನು ಒರೆಸುವ ರಬ್ಬರ್, ಈ ಮೂರೂ ನೆಟ್ಟಗಿದ್ದಾಗ ಮಾತ್ರ ವೈಪರ್ ಸರಿಯಾಗಿ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಿಗುವುದು ಮೂರನೆಯದು ಮಾತ್ರ. ಉಳಿದೆರಡನ್ನು ಪರೀಕ್ಷಿಸದೆ ಹೊಸ ಬ್ಲೇಡ್ ಹಾಕಿದರೆ ಕೆಲವು ವಾರ ಚೆನ್ನಾಗಿದ್ದು ಮತ್ತೆ ಅದೇ ದೂರು ಬರುತ್ತದೆ.

ಮೋಟರಿನ ಮಾತನ್ನು ಮೊದಲು ಮುಗಿಸೋಣ. ಮೋಟರ್ ದುರ್ಬಲವಾದರೆ ವೈಪರ್ ನಿಧಾನವಾಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ಇಲ್ಲವೇ ಬಂದ್ ಮಾಡಿದಾಗ ತನ್ನ ಜಾಗಕ್ಕೆ ಮರಳುವುದಿಲ್ಲ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಸದ್ದು ಬಾನೆಟ್ಟಿನ ಒಳಗಿನಿಂದ ಬರದೆ ಗಾಜಿನ ಮೇಲಿನಿಂದಲೇ ಬರುತ್ತಿದ್ದರೆ ಮೋಟರಿಗೆ ಹಣ ಹಾಕುವ ಕಾರಣವಿಲ್ಲ.

ಇನ್ನು ಕುಣಿತ. ರಬ್ಬರಿನ ತುದಿಯಲ್ಲಿ ಒಂದು ತೆಳುವಾದ ಅಂಚು ಇರುತ್ತದೆ. ತೋಳು ಮೇಲೆ ಹೋಗುವಾಗ ಅದು ಒಂದು ಬದಿಗೆ ಬಾಗಿ ಹಿಂದೆ ಎಳೆದುಕೊಂಡು ಬರಬೇಕು, ಕೆಳಗೆ ಮರಳುವಾಗ ಇನ್ನೊಂದು ಬದಿಗೆ ಮಗುಚಿಕೊಳ್ಳಬೇಕು. ಮನೆಯ ನೆಲದ ನೀರು ತಳ್ಳುವ ರಬ್ಬರ್ ಒರೆಸುಕೋಲನ್ನು ನೆನೆಸಿಕೊಳ್ಳಿ. ಓರೆಯಾಗಿ ಹಿಡಿದು ಎಳೆದರೆ ಅದು ಸದ್ದಿಲ್ಲದೆ ಸರಿಯುತ್ತದೆ, ಅದೇ ಓರೆಯನ್ನು ಬದಲಿಸದೆ ಹಿಂದಕ್ಕೆ ತಳ್ಳಿದರೆ ಕಟಕಟ ಎಂದು ಜಿಗಿಯುತ್ತದೆ. ಕಾರಿನಲ್ಲಿ ಒಂದೇ ದಿಕ್ಕಿನಲ್ಲಿ ಕುಣಿತ ಬಂದರೆ ಅದಕ್ಕೆ ಎರಡು ಕಾರಣಗಳಿರಬಹುದು. ಮೊದಲನೆಯದು, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ದಿನವಿಡೀ ಒಂದೇ ಬದಿಗೆ ಬಾಗಿ ಮಲಗಿದ ರಬ್ಬರ್ ಅದೇ ಆಕಾರದಲ್ಲಿ ಗಟ್ಟಿಯಾಗಿರುವುದು. ಬೆರಳಿನಿಂದ ಅಂಚನ್ನು ಎರಡೂ ಕಡೆಗೆ ಬಾಗಿಸಿ ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಎರಡನೆಯದು, ತೋಳು ಸ್ವಲ್ಪ ತಿರುಚಿಕೊಂಡಿರುವುದು. ತೋಳಿನ ತುದಿ ಗಾಜಿಗೆ ನೆಟ್ಟಗೆ ಎದುರಾಗಿ ನಿಲ್ಲಬೇಕು, ಒಂದು ಕಡೆಗೆ ವಾಲಿದ್ದರೆ ಅಂಚು ಮಗುಚುವುದಿಲ್ಲ. ಕಾರು ತೊಳೆಯುವವರು ತೋಳನ್ನು ಓರೆಯಾಗಿ ಹಿಡಿದೆಳೆದು ಹೀಗಾಗಿರುವುದು ಅಪರೂಪವಲ್ಲ. ಅನುಭವಿ ಮಿಸ್ತ್ರಿ ಇದನ್ನು ಸ್ವಲ್ಪವೇ ತಿರುಚಿ ಸರಿಮಾಡಬಲ್ಲರು. ಆದರೆ ತೋಳನ್ನು ಗಾಜಿನಿಂದ ದೂರ ಇಟ್ಟುಕೊಂಡು, ಅರಿವೆ ಸುತ್ತಿ, ನಿಧಾನವಾಗಿ ಮಾಡಬೇಕಾದ ಕೆಲಸವಿದು. ಎರಡೂ ದಿಕ್ಕಿನಲ್ಲಿ ಸದ್ದು ಬರುತ್ತಿದ್ದರೆ ಮಾತ್ರ ನಾನು ಮೊದಲು ಗಾಜಿನ ಜಿಡ್ಡನ್ನು ಅನುಮಾನಿಸುತ್ತೇನೆ.

ಒರೆಸದೆ ಉಳಿಯುವ ಪಟ್ಟಿಯ ಕಾರಣ ನಿಮ್ಮ ಪತ್ರದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಹಳೆಯ ಬಗೆಯ ಚೌಕಟ್ಟಿನ ಬ್ಲೇಡ್ ಹಲವು ಕೀಲುಗಳ ಮೂಲಕ ರಬ್ಬರನ್ನು ಅಲ್ಲಲ್ಲಿ ಒತ್ತುತ್ತದೆ, ಆದ್ದರಿಂದ ಗಾಜು ಹೇಗೆ ಬಾಗಿದ್ದರೂ ಅದಕ್ಕೆ ಹೊಂದಿಕೊಳ್ಳುತ್ತದೆ. ಚೌಕಟ್ಟಿಲ್ಲದ ಬ್ಲೇಡಿನ ಒಳಗೆ ಮೊದಲೇ ಬಾಗಿಸಿದ ಉಕ್ಕಿನ ಪಟ್ಟಿ ಇರುತ್ತದೆ, ಆ ಬಾಗು ನಿಮ್ಮ ಗಾಜಿನ ಬಾಗಿಗೆ ಹೊಂದಬೇಕು. ಗಾಜಿಗಿಂತ ಪಟ್ಟಿ ಹೆಚ್ಚು ಬಾಗಿದ್ದರೆ ತುದಿಗಳು ಒತ್ತಿಕೊಂಡು ನಡುಭಾಗ ಸಡಿಲವಾಗುತ್ತದೆ, ಕಡಿಮೆ ಬಾಗಿದ್ದರೆ ತುದಿಗಳು ಎದ್ದು ನಿಲ್ಲುತ್ತವೆ. ಬ್ಲೇಡಿನ ನಡುಭಾಗ ಹಾದುಹೋಗುವ ಜಾಗದಲ್ಲಿ ನಿಮ್ಮ ಪಟ್ಟಿ ಉಳಿಯುತ್ತಿದ್ದರೆ ಮೊದಲನೆಯ ಸಂಗತಿಯೇ ನಡೆದಿದೆ. ಹಳೆಯ ಚೌಕಟ್ಟಿನ ಬ್ಲೇಡ್ ಮನೆಯಲ್ಲಿ ಇದ್ದರೆ ಒಮ್ಮೆ ಅದನ್ನೇ ಹಾಕಿ, ಗಾಜಿಗೆ ನೀರು ಸುರಿದು ನೋಡಿ. ಆಗ ಪಟ್ಟಿ ಮಾಯವಾದರೆ ತಪ್ಪು ಹೊಸ ಬ್ಲೇಡಿನ ಬಾಗಿನದು. ಅದೂ ಅಲ್ಲಿಯೇ ಬಿಟ್ಟರೆ ತೋಳಿನ ಸ್ಪ್ರಿಂಗ್ ಸೋತಿದೆ. ಎಡ ಮತ್ತು ಬಲ ತೋಳುಗಳನ್ನು ಒಂದೊಂದಾಗಿ ಸ್ವಲ್ಪ ಎತ್ತಿ ನೋಡಿದರೆ ಎಳೆತದ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಸ್ಪ್ರಿಂಗ್ ಇರುವ ಕೀಲಿನಲ್ಲಿ ಮಣ್ಣು ಕೂತು ಬಿಗಿಯಾಗಿದ್ದರೆ ತೊಳೆದು ಒಂದು ಹನಿ ಎಣ್ಣೆ ಬಿಟ್ಟರೆ ಸಾಕಾಗಬಹುದು. ಆದರೆ ಆ ಎಣ್ಣೆ ರಬ್ಬರಿಗಾಗಲಿ ಗಾಜಿಗಾಗಲಿ ತಾಗದಂತೆ ನೋಡಿಕೊಳ್ಳಿ. ಸ್ಪ್ರಿಂಗೇ ಸೋತಿದ್ದರೆ ತೋಳನ್ನೇ ಬದಲಿಸಬೇಕು.

ಒಂದು ಇಂಚು ಹೆಚ್ಚು ಉದ್ದದ ಬ್ಲೇಡ್ ಹಾಕಿಸಿದ್ದು ಈ ದೋಷವನ್ನು ಬೆಳೆಸಿರುತ್ತದೆ. ತೋಳಿನ ಒತ್ತಡ ಇದ್ದಷ್ಟೇ ಇರುತ್ತದೆ. ಅದೇ ಒತ್ತಡ ಹೆಚ್ಚು ಉದ್ದಕ್ಕೆ ಹಂಚಿಹೋದಾಗ ಪ್ರತಿ ಅಂಗುಲಕ್ಕೆ ಸಿಗುವ ಪಾಲು ಕಡಿಮೆಯಾಗುತ್ತದೆ. ಅದಲ್ಲದೆ ಉದ್ದದ ಬ್ಲೇಡ್ ಗಾಜಿನ ಪಕ್ಕದ ಕಾರಿನ ಕಂಬಕ್ಕೋ ಜೊತೆಯ ಬ್ಲೇಡಿಗೋ ತಾಗುವ ಅಪಾಯವಿದೆ. ದೊಡ್ಡದು ಹಾಕಿದರೆ ಹೆಚ್ಚು ಗಾಜು ಒರೆಸುತ್ತದೆ ಎಂಬ ಮಾತನ್ನು ಒಪ್ಪಬೇಡಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬರೆದ ಅಳತೆಯನ್ನೇ ಕೊಳ್ಳಿ. ಕೈಪಿಡಿ ಇಲ್ಲದಿದ್ದರೆ ಕಂಪನಿಯಿಂದ ಬಂದ ಹಳೆಯ ಬ್ಲೇಡಿನ ರಬ್ಬರನ್ನು ತುದಿಯಿಂದ ತುದಿಗೆ ಅಳೆಯಿರಿ. ಡಬ್ಬಿಯ ಮೇಲೆ ಇಂಚು ಅಥವಾ ಮಿಲಿಮೀಟರ್ ಯಾವುದಾದರೂ ಇರಬಹುದು, 18 ಇಂಚು ಎಂದರೆ 450, 20 ಎಂದರೆ 500, 22 ಎಂದರೆ 550 ಮಿಲಿಮೀಟರ್ ಎಂದು ಲೆಕ್ಕ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಹಳಷ್ಟು ಕಾರುಗಳಲ್ಲಿ ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ ಇರುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಈಗ ನಿಮ್ಮ ಮೂರನೆಯ ದೂರಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಗಂಭೀರವಾದದ್ದು, ಯಾಕೆಂದರೆ ಗದಗ ರಸ್ತೆಯಲ್ಲಿ ರಾತ್ರಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗುವುದು ಹೊಸತಲ್ಲ. ಬೆಳಕು ಹರಡುವುದಕ್ಕೆ ಬ್ಲೇಡ್ ಒಂದೇ ಕಾರಣವಲ್ಲ. ಮೂರು ಕಡೆ ಹುಡುಕಬೇಕು. ಗಾಜಿನ ಹೊರಮೈಯಲ್ಲಿ ಲಾರಿ ಬಸ್ಸುಗಳ ಡೀಸೆಲ್ ಹೊಗೆಯ ಮಸಿ, ವಾಟರ್ ವಾಶ್‌ನಲ್ಲಿ ಹಾಕುವ ಮೇಣ, ಮರದ ಅಂಟು ಇವೆಲ್ಲ ಸೇರಿ ತೆಳುವಾದ ಜಿಡ್ಡಿನ ಪದರವಾಗಿ ಕೂರುತ್ತವೆ. ಎಷ್ಟು ಒಳ್ಳೆಯ ಬ್ಲೇಡ್ ಆದರೂ ಈ ಪದರವನ್ನು ತೆಗೆಯಲಾರದು, ಹರಡುತ್ತದೆ ಅಷ್ಟೇ. ಎರಡನೆಯದು ಗಾಜಿನ ಒಳಮೈ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಏಳುವ ಆವಿ ಅಲ್ಲಿ ಮಬ್ಬಾಗಿ ಅಂಟಿಕೊಳ್ಳುತ್ತದೆ. ಹಗಲಿನಲ್ಲಿ ಅದು ಕಾಣುವುದಿಲ್ಲ, ಎದುರು ಬೆಳಕು ಬಿದ್ದಾಗ ಕಾಣುತ್ತದೆ. ಒಳಗಿನಿಂದ ಬೆರಳು ಎಳೆದು ಗೆರೆ ಮೂಡಿದರೆ ದೋಷದ ಒಂದು ಪಾಲು ಅಲ್ಲಿದೆ ಎಂದರ್ಥ. ಮಳೆಯಲ್ಲಿ ಉಸಿರಿನ ತೇವ ಆ ಪದರದ ಮೇಲೆ ಇನ್ನೂ ಬೇಗ ಹಿಡಿಯುವುದರಿಂದ ವೈಪರ್ ಓಡಿಸಿದಷ್ಟೂ ಏನೂ ಪ್ರಯೋಜನವಾಗದೆ, ಎಸಿ ಹಾಕಿದ ಕೂಡಲೇ ಗಾಜು ತಿಳಿಯಾಗುತ್ತದೆ. ಮೂರನೆಯದು, ಎಂಟು ವರ್ಷ ಹೆದ್ದಾರಿಯಲ್ಲಿ ಓಡಿದ ಗಾಜಿಗೆ ಉಸುಕಿನ ಕಣ ಬಡಿದು ಆದ ಸೂಜಿಮೊನೆಯಷ್ಟು ಸಣ್ಣ ಕುಳಿಗಳು. ಸಂಜೆಯ ಸೂರ್ಯನಿಗೆ ಎದುರಾಗಿ ಕಾರು ನಿಲ್ಲಿಸಿ ಒಳಗಿನಿಂದ ನೋಡಿದರೆ ಗಾಜಿನ ತುಂಬ ಚುಕ್ಕಿಗಳು ಮಿನುಗುವುದು ಕಾಣುತ್ತದೆ. ಇದಕ್ಕೆ ಬ್ಲೇಡಿನಲ್ಲಿ ಪರಿಹಾರವಿಲ್ಲ. ಉಗುರಿಗೆ ತಾಗುವಷ್ಟು ಆಳದ ಗೀರುಗಳನ್ನು ಚಾಲಕನ ಕಣ್ಣೆದುರಿನ ಭಾಗದಲ್ಲಿ ಉಜ್ಜಿ ತೆಗೆಯಿಸಬೇಡಿ, ಗಾಜು ತಗ್ಗಾಗಿ ನೋಟವೇ ಅಲುಗಿದಂತೆ ಕಾಣುತ್ತದೆ. ಅಂಥ ಗಾಜನ್ನು ಬದಲಿಸುವುದೊಂದೇ ಉಳಿದ ದಾರಿ. ಸವೆತದಿಂದಾದ ಹಾನಿಯನ್ನು ವಿಮೆ ತುಂಬಿಕೊಡುವುದಿಲ್ಲ ಎಂಬುದೂ ತಿಳಿದಿರಲಿ.

ಹೊರಮೈಯ ಜಿಡ್ಡು ಪರೀಕ್ಷಿಸುವುದು ಸುಲಭ. ತೊಳೆದ ಗಾಜಿನ ಮೇಲೆ ಒಂದು ತಂಬಿಗೆ ನೀರು ಸುರಿಯಿರಿ. ನೀರು ಒಂದೇ ಹಾಳೆಯಂತೆ ಇಳಿದರೆ ಗಾಜು ಶುದ್ಧವಾಗಿದೆ. ಅಲ್ಲಲ್ಲಿ ಒಡೆದು ಹನಿಹನಿಯಾಗಿ ಅಂಟಿದರೆ ಜಿಡ್ಡು ಇದೆ. ಆಗ ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ, ಮೆತ್ತನೆಯ ಮೈಕ್ರೋಫೈಬರ್ ಅರಿವೆಯಿಂದ ಉಜ್ಜಿ, ಸಾಕಷ್ಟು ನೀರಿನಿಂದ ತೊಳೆಯಿರಿ. ಬಿಳಿ ಉಪ್ಪಿನ ಕಲೆ ಉಳಿದರೆ ಬಿಳಿ ವಿನೆಗರ್ ಅನ್ನು ಸಮಪಾಲು ನೀರಿನಲ್ಲಿ ಬೆರೆಸಿ, ನೆರಳಿನಲ್ಲಿ, ಬಣ್ಣಕ್ಕೆ ತಾಗದಂತೆ ಹಚ್ಚಿ ಒರೆಸಿ. ನಿಮ್ಮಂತೆ ಗದಗದ ಕಡೆ ಓಡಾಡುವವರಿಗೆ ಈ ಉಪ್ಪಿನ ಕಲೆ ಹೆಚ್ಚು, ಕಾರಣ ಆ ಭಾಗದ ಬಹಳಷ್ಟು ಬೋರ್‌ವೆಲ್‌ಗಳ ನೀರು ಗಡಸು. ಆ ನೀರಿನಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ನೀರು ಆರಿ ಲವಣ ಉಳಿಯುತ್ತದೆ. ಮನೆಯ ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಹಾಳು ಮಾಡಬಾರದೆಂದು, ಗಾಜಿಗೆ ನೀರು ಸಿಂಪಡಿಸುವ ಕಾರಿನ ವಾಶರ್ ಟ್ಯಾಂಕಿಗೆ ತುಂಬುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣ ಮೊದಲಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ, ಅದು ಸಿಂಪಡಿಸುವ ರಂಧ್ರವನ್ನೇ ಕಟ್ಟಿಬಿಡುತ್ತದೆ. ಟ್ಯಾಂಕಿಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ, ಸಿಕ್ಕರೆ ವಾಶರ್ ದ್ರವ ಬೆರೆಸಿ. ತಲೆಗೆ ಹಚ್ಚುವ ಶಾಂಪೂ ಬೇಡ, ಅದರ ನೊರೆ ಆರಿ ಪದರವಾಗುತ್ತದೆ. ಬಾನೆಟ್ ಎತ್ತಿದಾಗ ಗುರುತು ತಪ್ಪಿ ಕೂಲಂಟನ್ನು ಇದೇ ಟ್ಯಾಂಕಿಗೆ ಹಾಕಿದ್ದನ್ನೂ ನೋಡಿದ್ದೇನೆ. ಗಾಜಿನ ಮೇಲೆ ಅದರಷ್ಟು ಹಟಮಾರಿ ಜಿಡ್ಡು ಇನ್ನೊಂದಿಲ್ಲ.

ಅಣ್ಣಿಗೇರಿ, ನವಲಗುಂದದ ಕಡೆಯ ಎರೆ ಮಣ್ಣಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬೇಸಿಗೆಯಲ್ಲಿ ಅದರ ನುಣ್ಣನೆಯ ಧೂಳು ರಬ್ಬರಿನ ಅಂಚಿನಲ್ಲಿ ಕೂರುತ್ತದೆ, ಮೊದಲ ಮಳೆಗೆ ರಸ್ತೆಗೆ ಬಂದ ರಾಡಿ ಎದುರಿನ ವಾಹನದಿಂದ ಗಾಜಿಗೆ ಹಾರುತ್ತದೆ. ರಸ್ತೆಯ ಧೂಳಿನಲ್ಲಿರುವ ಉಸುಕಿನ ಕಣ ಗಾಜಿಗಿಂತ ಗಟ್ಟಿ. ಒಣ ಗಾಜಿನ ಮೇಲೆ ಧೂಳು ಹಾರಿಸಲೆಂದು ಒಮ್ಮೆ ವೈಪರ್ ಹಾಕಿದರೂ ಆ ಕಣ ರಬ್ಬರಿನ ಕೆಳಗೆ ಸಿಕ್ಕಿ ಬಿಲ್ಲಿನಾಕಾರದ ಗೀರು ಎಳೆಯುತ್ತದೆ. ಆದ್ದರಿಂದ ಮೊದಲು ನೀರು ಸಿಂಪಡಿಸಿ, ನಂತರವೇ ವೈಪರ್ ಹಾಕಿ. ವಾರಕ್ಕೊಮ್ಮೆ ತೋಳು ಎತ್ತಿ, ಒದ್ದೆ ಅರಿವೆಯಿಂದ ರಬ್ಬರಿನ ಅಂಚನ್ನು ಉದ್ದಕ್ಕೂ ಒರೆಸಿ. ಅರಿವೆಗೆ ಕಪ್ಪು ಹತ್ತುವುದು ನಿಂತಾಗ ನಿಲ್ಲಿಸಿ. ಇದಕ್ಕೆ ಖರ್ಚಿಲ್ಲ, ಆದರೆ ಬ್ಲೇಡಿನ ಆಯುಷ್ಯವನ್ನು ಇದರಷ್ಟು ಹೆಚ್ಚಿಸುವ ಉಪಾಯ ಬೇರೆ ನನಗೆ ಗೊತ್ತಿಲ್ಲ.

ನಿಮ್ಮ ಮಾವನವರ ಸಲಹೆಯ ಹಿಂದೆ ಒಂದು ನಿಜವಿದೆ. ಸೀಮೆಎಣ್ಣೆ ಸವರಿದ ಗಟ್ಟಿ ರಬ್ಬರ್ ಒಂದೆರಡು ದಿನ ಮೆತ್ತಗಾಗಿ ಸದ್ದು ನಿಲ್ಲುತ್ತದೆ. ಆದರೆ ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಇವೆಲ್ಲ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ಉಬ್ಬಿದ ಅಂಚು ನೇರ ಉಳಿಯುವುದಿಲ್ಲ, ಮೇಲಾಗಿ ಗಾಜಿನ ಮೇಲೆ ಎಣ್ಣೆಯ ಪದರ ಹರಡಿ ರಾತ್ರಿಯ ಬೆಳಕು ಇನ್ನಷ್ಟು ಚೆದುರುತ್ತದೆ. ಉಸುಕಿನ ಕಾಗದದಿಂದ ಅಂಚನ್ನು ಉಜ್ಜುವುದೂ ಅಷ್ಟೇ ಹಾನಿಕರ, ನೀರನ್ನು ಕತ್ತರಿಸಬೇಕಾದ ಚೂಪು ಮೂಲೆ ಅದರಿಂದ ದುಂಡಗಾಗುತ್ತದೆ. ಹಳೆಯ ಲಾರಿ ಚಾಲಕರು ಮಳೆಯಲ್ಲಿ ವೈಪರ್ ಕೈಕೊಟ್ಟಾಗ ಗಾಜಿಗೆ ಆಲೂಗಡ್ಡೆಯ ಹೋಳು ಇಲ್ಲವೇ ತಂಬಾಕು ಉಜ್ಜುತ್ತಿದ್ದರು. ನೀರು ಹನಿಯಾಗಿ ನಿಲ್ಲದೆ ಹಾಳೆಯಾಗಿ ಇಳಿಯುವಂತೆ ಮಾಡುವ ಈ ಉಪಾಯ ಮುಂದಿನ ಊರು ಮುಟ್ಟುವವರೆಗಿನ ಆಸರೆಯೇ ಹೊರತು ವೈಪರಿಗೆ ಬದಲಿಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೆಯ ನಿಯಮವೂ ಕಾರಿಗೆ ಸಮರ್ಥವಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು ಎನ್ನುತ್ತದೆ.

ಬಿಸಿಲಿನಲ್ಲಿ ವೈಪರ್ ಎತ್ತಿಡುವುದರಿಂದ ರಬ್ಬರ್ ಕಾದ ಗಾಜಿನಿಂದ ದೂರವಿರುತ್ತದೆ ಎಂಬುದು ಸರಿ. ಆದರೆ ಬಿಸಿಲಿನ ನೇರಳಾತೀತ ಕಿರಣಗಳೂ ಗಾಳಿಯ ಓಝೋನೂ ಅದನ್ನು ಎತ್ತಿಟ್ಟಾಗಲೂ ಗಟ್ಟಿ ಮಾಡುತ್ತಲೇ ಇರುತ್ತವೆ. ಗದಗದ ಬಯಲುಗಾಳಿಗೋ ಆಡುವ ಮಕ್ಕಳ ಕೈಗೋ ಸಿಕ್ಕಿ ತೋಳು ರಪ್ಪನೆ ಬಿದ್ದರೆ ಗಾಜು ಸೀಳುತ್ತದೆ. ಲಾಭ ಸಣ್ಣದು, ನಷ್ಟ ದೊಡ್ಡದು, ಆದ್ದರಿಂದ ನಾನು ಎತ್ತಿಡಲು ಹೇಳುವುದಿಲ್ಲ. ನೆರಳು ಸಿಕ್ಕರೆ ನೆರಳಿನಲ್ಲಿ ನಿಲ್ಲಿಸಿ, ಅಂಟು ಸುರಿಸುವ ಮರದ ಕೆಳಗೆ ಮಾತ್ರ ಬೇಡ.

ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ ಸರಳ: ಕಾರು ಕಾರ್ಖಾನೆಯಿಂದ ಯಾವ ಬಗೆಯ ಬ್ಲೇಡಿನೊಂದಿಗೆ ಬಂದಿತ್ತೋ ಅದೇ ಬಗೆಯದು. ನಿಮ್ಮದಕ್ಕೆ ಚೌಕಟ್ಟಿನ ಬ್ಲೇಡ್ ಸರಿ. ಅದರ ದೌರ್ಬಲ್ಯಗಳೂ ಇವೆ. ಕೀಲುಗಳಲ್ಲಿ ಎರೆ ಧೂಳು ಕೂತು ತುಕ್ಕು ಹಿಡಿಯುತ್ತದೆ, ಹೆದ್ದಾರಿಯ ವೇಗದಲ್ಲಿ ಗಾಳಿ ಅದನ್ನು ಗಾಜಿನಿಂದ ಸ್ವಲ್ಪ ಎತ್ತುತ್ತದೆ. ಇದು ಬೇಡವಾದರೆ ಕೀಲುಗಳ ಮೇಲೆ ಪ್ಲಾಸ್ಟಿಕ್ ಕವಚವಿರುವ ಹೈಬ್ರಿಡ್ ಬಗೆ ಇದೆ. ಬೆಲೆ ಹೆಚ್ಚು, ಆದರೆ ಅದು ಗಾಜಿನ ಬಾಗಿಗೂ ಹೊಂದುತ್ತದೆ, ಗಾಳಿಯನ್ನೂ ತಡೆಯುತ್ತದೆ. ಯಲ್ಲಾಪುರದ ಕಡೆಯ ಎಡೆಬಿಡದ ಮಳೆಯಲ್ಲಿ ಹೋಗುವ ನಿಮಗೆ ನಾನು ಇದನ್ನೇ ಹೆಚ್ಚು ಒಪ್ಪುತ್ತೇನೆ. ರಬ್ಬರಿಗೆ ಗ್ರಾಫೈಟ್ ಲೇಪನವಿದ್ದರೆ ಮಗುಚುವಿಕೆ ನಯವಾಗುತ್ತದೆ. ಸಿಲಿಕೋನ್ ಬ್ಲೇಡ್ ಬಿಸಿಲನ್ನು ಚೆನ್ನಾಗಿ ತಾಳಿಕೊಂಡು ಹೆಚ್ಚು ಕಾಲ ಬಾಳುತ್ತದೆ, ಆದರೆ ಗಾಜಿನಲ್ಲಿ ಜಿಡ್ಡು ಇದ್ದರೆ ಸಾಮಾನ್ಯ ರಬ್ಬರಿಗಿಂತ ಹೆಚ್ಚು ಕುಣಿಯುತ್ತದೆ. ಚೌಕಟ್ಟು ಗಟ್ಟಿಯಾಗಿದ್ದು ರಬ್ಬರ್ ಮಾತ್ರ ಸವೆದಿದ್ದರೆ ಬರೀ ರಬ್ಬರ್ ರಿಫಿಲ್ ಹಾಕಿಸುವುದರಲ್ಲೂ ತಪ್ಪಿಲ್ಲ. ಅದನ್ನು ಕೊನೆಯ ಹಲ್ಲಿನವರೆಗೂ ಪೂರ್ತಿ ಸಿಕ್ಕಿಸಬೇಕು, ಇಲ್ಲವಾದರೆ ಓಡುವಾಗ ಜಾರಿ ಹೊರಬಂದು ಬರಿಯ ಕಬ್ಬಿಣ ಗಾಜನ್ನು ಗೀರುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಓದಿ, ಅಂಗಡಿಯ ಕಪಾಟಿನಲ್ಲಿ ಎರಡು ಮೂರು ಬೇಸಿಗೆ ಕಳೆದ ರಬ್ಬರ್ ಹೊಸದಲ್ಲ. ತಿಂಗಳು, ಬೆಲೆ, ತಯಾರಕರ ವಿಳಾಸ ಯಾವುದೂ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ. ಹಳೆಯ ಬ್ಲೇಡನ್ನು ಕೈಯಲ್ಲಿ ಹಿಡಿದು ಹೋಗಿ, ಕೊಕ್ಕೆಯ ಬಗೆ ತಾಳೆಯಾಗುವುದನ್ನು ನೋಡಿಕೊಳ್ಳಿ. ನಮ್ಮ ಸಣ್ಣ ಕಾರುಗಳ ತೋಳಿನ ತುದಿ ಹೆಚ್ಚಾಗಿ ಬಾಗಿದ ಕೊಕ್ಕೆಯಂತೆ ಇರುತ್ತದೆ, ಕೆಲವು ಕಾರುಗಳಲ್ಲಿ ಗುಂಡಿ ಒತ್ತುವ ಅಥವಾ ಪಕ್ಕದಿಂದ ಪಿನ್ ಸೇರುವ ಬಗೆ ಇರುತ್ತದೆ. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಹಲವು ಪ್ಲಾಸ್ಟಿಕ್ ಕ್ಲಿಪ್ ಜೊತೆಗೆ ಬರುವ ಬ್ಲೇಡ್ ಆದರೆ, ಅಲುಗಾಡದಂತೆ ಬೀಗ ಬೀಳುವ ಕ್ಲಿಪ್ ಅದರಲ್ಲಿ ಇರಲೇಬೇಕು. ಕೊಳ್ಳುವ ಕಾಲವೂ ಮುಖ್ಯ. ಫೆಬ್ರವರಿಯಲ್ಲಿ ಹಾಕಿದ ಬ್ಲೇಡ್ ಮಳೆ ಬರುವಷ್ಟರಲ್ಲಿ ಬಿಸಿಲಿಗೆ ಬೆಂದಿರುತ್ತದೆ. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದಲ್ಲಿ ಹಾಕಿಸಿ, ವರ್ಷಕ್ಕೊಮ್ಮೆ ಬದಲಿಸಿ.

ಮನೆಯಲ್ಲೇ ಹಾಕಿಕೊಳ್ಳಬಹುದು, ಹತ್ತು ನಿಮಿಷದ ಕೆಲಸ. ಕಾರಿನ ಚಾವಿ ತೆಗೆದಿಡಿ. ಮುಂದಿನ ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಹಾಕಿ. ಬ್ಲೇಡ್ ಬಿಚ್ಚಿದ ಮೇಲೆ ಸ್ಪ್ರಿಂಗಿನ ಬಲಕ್ಕೆ ಬರಿಯ ತೋಳು ಗಾಜಿಗೆ ಬಡಿಯುವುದೇ ಈ ಕೆಲಸದಲ್ಲಿ ಇರುವ ದೊಡ್ಡ ಅಪಾಯ. ಎರಡು ತೋಳುಗಳಲ್ಲಿ ಮೇಲಿರುವುದನ್ನು ಮೊದಲು ಎತ್ತಿ. ವೈಪರ್ ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುವ ಕಾರುಗಳಲ್ಲಿ ಹಾಗೇ ಎಳೆಯಬೇಡಿ, ಬಾನೆಟ್ಟಿನ ಬಣ್ಣ ಕೀಳುತ್ತದೆ. ಅಂಥ ಕಾರುಗಳಲ್ಲಿ ವೈಪರನ್ನು ಮೇಲೆ ನಿಲ್ಲಿಸುವ ಕ್ರಮ ಕೈಪಿಡಿಯಲ್ಲಿ ಇರುತ್ತದೆ. ಕೊಕ್ಕೆಯ ಬಗೆಯಲ್ಲಿ ಬ್ಲೇಡಿನ ನಡುವಿನ ಸಣ್ಣ ನಾಲಿಗೆಯನ್ನು ಒತ್ತಿ ಹಿಡಿದು, ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಿದರೆ ಅದು ಕೊಕ್ಕೆಯಿಂದ ಬಿಡುತ್ತದೆ. ಜಾರದಿದ್ದರೆ ಜಗ್ಗಬೇಡಿ, ನಾಲಿಗೆ ಪೂರ್ತಿ ಒತ್ತಿಲ್ಲ ಎಂದರ್ಥ. ಹೊಸದನ್ನು ಕೊಕ್ಕೆಯೊಳಗೆ ಸೇರಿಸಿ, ತೋಳಿನ ತುದಿಯ ಕಡೆಗೆ ಎಳೆದು ಟಕ್ ಎಂದು ಕೇಳಿಸುವವರೆಗೆ ಬಿಡಬೇಡಿ, ಆಮೇಲೆ ಕೈಯಿಂದ ಒಮ್ಮೆ ಜಗ್ಗಿ ನೋಡಿ. ಹೊಸ ರಬ್ಬರಿನ ಅಂಚಿಗೆ ತೊಡಿಸಿದ ಪ್ಲಾಸ್ಟಿಕ್ ರಕ್ಷಾಪಟ್ಟಿಯನ್ನು ತೆಗೆಯಲು ಮರೆಯಬೇಡಿ. ಅದನ್ನು ತೆಗೆಯದೆ ಓಡಿಸಿ, ಬ್ಲೇಡ್ ಕೆಟ್ಟದ್ದಿದೆ ಎಂದು ದೂರುವವರು ಪ್ರತಿ ವರ್ಷವೂ ಬರುತ್ತಾರೆ. ತೋಳನ್ನು ಕೈಯಲ್ಲಿ ಹಿಡಿದೇ ನಿಧಾನವಾಗಿ ಇಳಿಸಿ. ತೋಳಿನ ಬುಡದ ನಟ್ಟನ್ನು ಮಾತ್ರ ಸಡಿಲಿಸಬೇಡಿ, ಬ್ಲೇಡ್ ಬದಲಿಸಲು ಅದರ ಅಗತ್ಯವಿಲ್ಲ, ಸಡಿಲಿಸಿದರೆ ವೈಪರ್ ನಿಲ್ಲುವ ಸ್ಥಾನವೇ ಬದಲಾಗುತ್ತದೆ. ಗಾಜಿಗೆ ನೀರು ಸುರಿದು, ಮೊದಲು ನಿಧಾನ ಗತಿಯಲ್ಲಿ, ಅನಂತರ ವೇಗದಲ್ಲಿ ಓಡಿಸಿ, ಕಂಬಕ್ಕೂ ಜೊತೆಯ ಬ್ಲೇಡಿಗೂ ತಾಗುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ನಿಮ್ಮ ಕಾರಿನಲ್ಲಿ ನಾನು ಮಾಡುವ ಕ್ರಮ ಹೀಗಿರುತ್ತದೆ: ಮೊದಲು ಗಾಜನ್ನು ಒಳಗೂ ಹೊರಗೂ ತೊಳೆಯುವುದು, ಆಮೇಲೆ ತೋಳಿನ ನೇರ ಮತ್ತು ಸ್ಪ್ರಿಂಗ್ ನೋಡುವುದು, ಆಮೇಲೆ ಕೈಪಿಡಿಯ ಅಳತೆಯ ಹೈಬ್ರಿಡ್ ಬ್ಲೇಡ್ ಜೋಡಿ ಹಾಕುವುದು. ಇಷ್ಟಾದ ಮೇಲೂ ಆ ಪಟ್ಟಿ ಉಳಿದರೆ ಬಲಗಡೆಯ ತೋಳನ್ನು ಬದಲಿಸಿ. ರಾತ್ರಿಯ ಬೆಳಕು ಆಗಲೂ ಹರಡುತ್ತಿದ್ದರೆ ಗಾಜಿನ ಕುಳಿಗಳನ್ನು ಒಬ್ಬ ಗಾಜಿನ ಕೆಲಸದವರಿಗೆ ತೋರಿಸಿ, ಅಲ್ಲಿಯವರೆಗೆ ಮಳೆಯ ರಾತ್ರಿಗಳಲ್ಲಿ ಗದಗದಿಂದ ಬೆಳಕಿರುವಾಗಲೇ ಹೊರಡಿ.